ಎರಡು ಬೆನ್ನು, ಒಂದು ಸೀರೆ

ನನ್ನ ಮೈಯಲ್ಲಿ ಹೆಮ್ಮೆಪಟ್ಟುಕೊಳ್ಳುವಂಥ ಭಾಗ ಒಂದೇ ಒಂದಿದೆ. ದುರ್ದೈವದಿಂದ ಅದು ನನಗೆ ಕಾಣಿಸುವುದಿಲ್ಲ. ಮುಖವಾದರೆ ಕನ್ನಡಿಯಲ್ಲಿ ಕಾಣುತ್ತದೆ, ಹೊಟ್ಟೆಯಂತೂ ಬೇಡವೆಂದರೂ ಕಾಣುತ್ತದೆ. ಬೆನ್ನು ಹಾಗಲ್ಲ. ಅದರ ಚಂದವನ್ನು ಮಂದಿಯ ಬಾಯಿಂದಲೇ ಕೇಳಿ ತಿಳಿದುಕೊಳ್ಳಬೇಕು. ನಾನು ಇಳಕಲ್ಲಿನಿಂದ ಹುನಗುಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಕಚೇರಿ ಟೈಪಿಸ್ಟು. ಒಮ್ಮೆ ಹಿಂದಿನ ಸೀಟಿನವರು, “ಯಾರಪಾ ಇವ್ರು, ಕೋಲು ನುಂಗಿದವ್ರಂಗ ಕುಂತಾರಲ್ಲ” ಎಂದು ಮಾತಾಡಿಕೊಂಡದ್ದನ್ನು ಕಿವಿಯಾರೆ ಕೇಳಿದೆ. ಅವರು ಹೊಗಳಿದರೋ ಆಡಿಕೊಂಡರೋ ಎಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಹೊಗಳಿಕೆಯೆಂದೇ ತಿಳಿದು ಇನ್ನೂ ಒಂದಿಷ್ಟು ನೆಟ್ಟಗಾದೆ.

ಈ ಬೆನ್ನು ಹುಟ್ಟಿನಿಂದ ಬಂದದ್ದಲ್ಲ, ಕಲಿತು ಸಂಪಾದಿಸಿದ್ದು. ನಾವು ನೇಕಾರರ ಪೈಕಿ. ಅಪ್ಪ ಮಗ್ಗದಲ್ಲೇ ಮುದುಕನಾದವನು. ನಾನು ಮಾತ್ರ ಹತ್ತನೆಯ ಇಯತ್ತೆ ಮುಗಿಸಿ ಟೈಪಿಂಗ್ ಕ್ಲಾಸಿಗೆ ಸೇರಿದೆ. ಅಲ್ಲಿ ನಮ್ಮ ಗುರುಗಳು ಅಡಿಪಟ್ಟಿ ಹಿಡಿದು ಹುಡುಗರ ಬೆನ್ನ ಹಿಂದೆಯೇ ಓಡಾಡುವವರು. ಬೆರಳು ತಪ್ಪು ಅಕ್ಷರದ ಮೇಲೆ ಬಿದ್ದರೆ ಕ್ಷಮೆಯಿತ್ತು, ಬೆನ್ನು ಬಾಗಿದರೆ ಇರಲಿಲ್ಲ. “ಅಕ್ಷರ ಕಾಗದದ ಮ್ಯಾಲ ಬೀಳ್ತಾವಲೇ, ನೀ ಯಾಕ ಬೀಳ್ತಿ?” ಎಂದು ಅಡಿಪಟ್ಟಿಯನ್ನು ಬೆನ್ನಹುರಿಗೆ ಒತ್ತುತ್ತಿದ್ದರು. ಮೊದಲ ವಾರದಲ್ಲೇ ನನಗೆ ದೂರದ ಬೋರ್ಡು ಕಾಣುವುದಿಲ್ಲವೆಂದು ಪತ್ತೆ ಮಾಡಿ ಕನ್ನಡಕವನ್ನೂ ಅವರೇ ಹಾಕಿಸಿದರು. ಬೆನ್ನು, ಕನ್ನಡಕ, ನೌಕರಿ, ಈ ಮೂರೂ ಅವರ ಆಶೀರ್ವಾದ.

ಇಂಥ ಬೆನ್ನುಳ್ಳವನು ಸುಮ್ಮನಿರುವುದು ಕಷ್ಟ. ಕಂಡವರಿಗೆಲ್ಲ ಕೂರುವುದು ಹೇಗೆ, ನಿಲ್ಲುವುದು ಹೇಗೆ ಎಂದು ಹೇಳುವ ಚಟ ನನಗೆ ಹತ್ತಿತು. ಕನ್ನಡದಲ್ಲಿ ಬೆನ್ನಿಗೆ ಎಷ್ಟು ಮರ್ಯಾದೆ ಇದೆ ಎಂಬುದನ್ನು ಕಚೇರಿಯ ಚಹಾದ ವೇಳೆ ವಿವರಿಸುತ್ತಿದ್ದೆ. ಶಾಭಾಸ್ ಎನ್ನಬೇಕಾದರೆ ಬೆನ್ನು ತಟ್ಟುತ್ತೇವೆ. ಕಷ್ಟಕ್ಕಾದವನು ಬೆನ್ನಿಗೆ ನಿಂತ ಎನ್ನುತ್ತೇವೆ. ಓಡಿಹೋದವನು ಬೆನ್ನು ತೋರಿಸಿದ. ಚಾಡಿ ಹೇಳುವವನಿಗೂ ಬೆನ್ನ ಹಿಂದಿನ ಜಾಗವೇ ಬೇಕು. ಮುಖಕ್ಕೆ ಇಷ್ಟು ಕೆಲಸ ಎಲ್ಲಿದೆ? ಆದರೆ ಇದನ್ನೆಲ್ಲ ಕೇಳುತ್ತಿದ್ದ ನಮ್ಮ ಕಚೇರಿಯ ಮಂದಿ ಕುರ್ಚಿಯಲ್ಲಿ ಜಾರಿ ಜಾರಿ, ಕೊನೆಗೆ ಕತ್ತಿನ ಮೇಲೆ ಕೂತಿರುತ್ತಿದ್ದರು.

ಒಮ್ಮೆ ಎಲ್ಲರೂ ಸೇರಿ ಬಾದಾಮಿಗೆ ಹೋಗಿದ್ದೆವು. ಗುಹೆಯ ಮುಂದೆ ಹದಿನೆಂಟು ಕೈಯ ಶಿವ ಕುಣಿಯುತ್ತಿದ್ದಾನೆ. ಎಲ್ಲರೂ ಅವನ ಕೈ ಎಣಿಸುತ್ತಿದ್ದರೆ ನಾನು ಅವನ ನಡುವನ್ನು ನೋಡುತ್ತಿದ್ದೆ. ಅಷ್ಟು ಕೈಗಳನ್ನು ಹೊತ್ತರೂ ನಡು ಎಷ್ಟು ಹಗುರಾಗಿ ತಿರುಗಿದೆ ನೋಡಿ. ಗುಹೆಯ ಕಟ್ಟೆಯ ಬುಡದಲ್ಲಿ ಸಾಲಾಗಿ ಕುಳ್ಳ ಗಣಗಳಿವೆ. ಒಬ್ಬನೂ ನೆಟ್ಟಗೆ ಕೂತಿಲ್ಲ, ಎಲ್ಲರೂ ನಗುತ್ತಿದ್ದಾರೆ. ಇದು ನನ್ನ ಸಿದ್ಧಾಂತಕ್ಕೆ ತೊಡಕಾಗಿ ಕಂಡದ್ದರಿಂದ ಬೇಗ ಮುಂದಿನ ಗುಹೆಗೆ ಹೋದೆ. ಈ ಗೋಡೆ, ಈ ಛಾವಣಿಯನ್ನೆಲ್ಲ ಕೆತ್ತಿದವನ ಬೆನ್ನು ಹೇಗಿತ್ತೋ ಎಂದು ಆಗ ಒಂದು ಗಳಿಗೆ ಅನಿಸಿತ್ತು. ಅದನ್ನು ಇನ್ನೂ ಸ್ವಲ್ಪ ಹೊತ್ತು ಯೋಚಿಸಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಅಲ್ಲಿಂದ ಬರುವಾಗ ದಾರಿಯ ಒಂದು ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಹೆಗಲ ಮೇಲೆ ಕಂಬಳಿ, ಹಣೆ ತುಂಬ ಭಂಡಾರ ಬಳಿದುಕೊಂಡ ಬೀರಪ್ಪನ ಭಕ್ತನೊಬ್ಬ ಕುರಿ ಕಾಯುತ್ತ, ಕೋಲಿಗೆ ಆತು ಒಂದು ಕಾಲು ಮಡಚಿ ನಿಂತಿದ್ದ. ಹಾಗೆ ನಿಂತರೆ ಟೊಂಕ ನೋಯುತ್ತದೆ ಎಂದು ನಾನು ತಿಳಿವಳಿಕೆ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕುರಿ ಒಂದ ಕಡೆ ನಿಲ್ಲಂಗಿಲ್ರಿ, ನನಗೂ ನಿಲ್ಲಾಕ ಬಿಡಂಗಿಲ್ಲ. ನೋಯಾಕ ಹೊತ್ತೆಲ್ಲಿ ಐತ್ರಿ?” ಎಂದು ಹೇಳಿ ಕುರಿಗಳ ಹಿಂದೆ ನಡೆದುಬಿಟ್ಟ. ಓದು ಬರಹ ಇಲ್ಲದವರ ಹತ್ತಿರ ಶಾಸ್ತ್ರ ಹೇಳಬಾರದು ಎಂದುಕೊಂಡೆ. ಆಗ ನನ್ನ ಸೊಕ್ಕು ಅಷ್ಟಿತ್ತು.

ಈಗ ನನ್ನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬರದೆ ಇದ್ದದ್ದೂ ಒಂದು ಸೊಕ್ಕೇ.

ಶಂಕ್ರಮ್ಮ ನನಗಿಂತ ಖರೆ ನೇಕಾರಳು. ಗಂಡುಮಕ್ಕಳಿಲ್ಲದ ಅವಳಪ್ಪ ಹತ್ತು ವರ್ಷದ ಮಗಳನ್ನೇ ಮಗ್ಗಕ್ಕೆ ಕೂರಿಸಿದ್ದರು. ನಮ್ಮ ಮನೆಯ ಪಡಸಾಲೆಯಲ್ಲಿ ನನ್ನಪ್ಪನ ಕುಣಿಮಗ್ಗ ಇತ್ತು. ನೆಲದಲ್ಲಿ ಒಂದು ಕುಣಿ, ಅದರ ಅಂಚಿಗೆ ಕೂತು ಕಾಲನ್ನು ಒಳಗಿಳಿಸಿ ತುಳಿಹಲಗೆ ತುಳಿಯಬೇಕು. ಮುಂದೆ ತೊಡೆಯ ಮೇಲೆಯೇ ಎಂಬಂತೆ ಸೀರೆ ಬೆಳೆಯುತ್ತ ಹೋಗುತ್ತದೆ. ನಾನು ನೌಕರಿ ಹಿಡಿದ ಮೇಲೆ ಮುಚ್ಚಿಹೋಗಬೇಕಾಗಿದ್ದ ಆ ಕುಣಿಯಲ್ಲಿ ಅವಳು ಕಾಲಿಳಿಸಿದಳು. ಇಪ್ಪತ್ತೆರಡು ವರ್ಷ ಅಲ್ಲಿಂದ ಲಾಳಿಯ ಸಪ್ಪಳ ನಿಂತದ್ದಿಲ್ಲ. ಅವಳ ಕೈಯ ಸೀರೆ ಓಣಿಯಲ್ಲಿ ಹೆಸರುವಾಸಿ. ಆದರೆ ಕೂರುವ ರೀತಿ ಮಾತ್ರ ನೋಡುವಂತಿರಲಿಲ್ಲ. ಮೂಗು ನೂಲಿಗೆ ತಾಗುವಷ್ಟು ಬಾಗಿರುತ್ತಿದ್ದಳು. ನಾನು ಕಚೇರಿಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ, “ನೆಟ್ಟಗ ಕುಂದ್ರು” ಎಂದು ಹೇಳಿಯೇ ತೀರುತ್ತಿದ್ದೆ. ಅವಳು ತಲೆ ಎತ್ತದೆ, “ನಿಮ್ಮ ಬೆನ್ನು ನೀವು ನೋಡ್ಕೋರಿ, ನನ್ನ ಬೆನ್ನು ನಾ ನೋಡ್ಕೋತೇನಿ” ಎನ್ನುವಳು. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎಂಬ ನನ್ನ ತರ್ಕವನ್ನು ಕೇಳಿಸಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಾಗಲಕೋಟೆ ಜಿಲ್ಲೆಯಾಗಿ ಒಂದೆರಡು ವರ್ಷ ಆಗಿರಬೇಕು. ನಮ್ಮ ಒಬ್ಬಳೇ ಮಗಳು ಸಾವಿತ್ರಿಗೆ ಗುಡೂರಿನ ನೇಕಾರರ ಮನೆಯಲ್ಲಿ ಲಗ್ನ ಗೊತ್ತಾಯಿತು. ಶಂಕ್ರಮ್ಮನ ತವರಿನಲ್ಲಿ ಒಂದು ರೂಢಿಯಿದೆ. ಅಕ್ಕಿಕಾಳು ಬೀಳುವಾಗ ಮಗಳು ಉಡುವ ಸೀರೆಯನ್ನು ತಾಯಿಯೇ ನೇಯಬೇಕು, ಅದರಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಕೈ ಇರಬೇಕು. ನಡುವೆ ಬೇರೆಯವರು ಕೂತು ಒಂದು ಬೆರಳಿನಷ್ಟು ನೇಯ್ದರೂ ಆ ಸೀರೆ ಪೇಟೆಗೆ ಹೋಗಬೇಕೇ ಹೊರತು ಮದುಮಗಳ ಮೈಗಲ್ಲ. ಅವಳ ಅವ್ವ ಅವಳಿಗೆ ಹಾಗೆ ನೇಯ್ದಿದ್ದಳು, ಅವ್ವನಿಗೆ ಅಜ್ಜಿ. ಶಂಕ್ರಮ್ಮ ಪರಾಸಪೇಟಿ ದಡಿ, ತೋಪು ತೆನೆಯ ಸೆರಗು ಎಂದು ಲೆಕ್ಕ ಹಾಕಿ, ಒಳ್ಳೆಯ ರೇಷ್ಮೆ ತರಿಸಿ ಮಗ್ಗಕ್ಕೆ ಹಾಸಿನ ನೂಲು ಹೂಡಿದಳು.

ಸೀರೆಯ ಒಡಲು ಕಾಲುಭಾಗ ಆಗುವಷ್ಟರಲ್ಲಿ ಅವಳ ಟೊಂಕ ನೋಯತೊಡಗಿತು. ಬೆಳಗ್ಗೆ ಏಳುವಾಗ ಗೋಡೆ ಹಿಡಿಯುವಳು, ಕೊಡ ಎತ್ತುವಾಗ ಹಲ್ಲು ಕಚ್ಚುವಳು. ನನ್ನ ಕಾಲ ಬಂತು ಎಂದುಕೊಂಡೆ ನಾನು. ಟೈಪಿಂಗ್ ಶಾಸ್ತ್ರದ ಪ್ರಕಾರ ಆಸನ ಎತ್ತರವಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸಾಗವಾನಿಯ ದಪ್ಪ ಮಣೆ ಮಾಡಿಸಿ, ಅದರ ಮೇಲೆ ತಲೆದಿಂಬು ಕಟ್ಟಿ, ಕುಣಿಯ ಅಂಚಿಗೆ ಇಟ್ಟೆ. “ಇದರ ಮ್ಯಾಲ ಕುಂತು ನೋಡು, ಮಹಾರಾಣಿ ಆಗ್ತಿ” ಎಂದೆ. ಅವಳು ಅನುಮಾನದಿಂದಲೇ ಕೂತಳು. ನಾನು ಹೆಮ್ಮೆಯಿಂದ ಬಸ್ಸು ಹತ್ತಿದೆ.

ನೇಕಾರನ ಮಗನಾಗಿ ಹುಟ್ಟಿಯೂ ನಾನು ಮರೆತದ್ದು ಇಷ್ಟೇ: ಟೈಪ್ ಮಷೀನನ್ನು ಕುರ್ಚಿಗೆ ತಕ್ಕಂತೆ ಮೇಜಿನ ಮೇಲಿಡಬಹುದು, ಕುಣಿಮಗ್ಗ ನೆಲಕ್ಕೆ ಹೂಳಿದ್ದು. ಕೂತವಳು ಎತ್ತರವಾದಳು, ಸೀರೆ ಇದ್ದಲ್ಲೇ ಇತ್ತು. ಮೊದಲು ಬಾಗುತ್ತಿದ್ದುದಕ್ಕಿಂತ ಒಂದು ಗೇಣು ಹೆಚ್ಚು ಬಾಗಬೇಕಾಯಿತು. ತುಳಿಹಲಗೆ ಕಾಲಿಗೆ ಎಟುಕದೆ ತುದಿಬೆರಳಲ್ಲಿ ತುಳಿಯಬೇಕಾಯಿತು. ಆದರೂ ಗಂಡ ಮಾಡಿಸಿದ ಮಣೆ ಎಂದು ಬಾಯಿಬಿಡದೆ ನಾಲ್ಕು ದಿನ ನೇಯ್ದಳು. ಐದನೆಯ ದಿನ ಸಂಜೆ ನಾನು ಮನೆಗೆ ಬಂದಾಗ ಕುಣಿಯ ಅಂಚಿನಲ್ಲೇ ಮಗ್ಗುಲಾಗಿ ಬಿದ್ದಿದ್ದಳು. ಏಳಲು ಆಗುತ್ತಿರಲಿಲ್ಲ. ಸಾವಿತ್ರಿ ಬಿಸಿನೀರಿನ ಬಟ್ಟೆ ಹಿಂಡಿ ಹಿಂಡಿ ಟೊಂಕಕ್ಕೆ ಇಡುತ್ತಿದ್ದಳು. “ಮಣಿ ಚಲೋನ ಇತ್ರಿ, ನನಗ ಕೂಡಲಿಲ್ಲ” ಎಂದಳು ಶಂಕ್ರಮ್ಮ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಲಗ್ನಕ್ಕೆ ಒಂದು ತಿಂಗಳಿತ್ತು, ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತು.

ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಎಲುಬಿಗೆ ಏನೂ ಆಗಿಲ್ಲ, ಮಾಂಸಖಂಡ ಹಿಡಿದಿದೆ ಎಂದರು. ಹಾಸಿಗೆ ಹಿಡಿಯಬೇಡಿ, ಎರಡು ದಿನ ಬಿಟ್ಟು ಮನೆಯೊಳಗೇ ಅಡ್ಡಾಡಿ, ಬಿಸಿನೀರಿನ ಶಾಖ ಕೊಡಿ, ಕೊಡ ಎತ್ತುವಾಗ ಟೊಂಕ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಿ, ಎರಡು ವಾರ ಮಗ್ಗ ಬೇಡ ಎಂದರು. ಆಮೇಲೆ ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕಂತೆ. ಬಾದಾಮಿಯಿಂದ ಬರುವಾಗ ಕ್ರಾಸಿನಲ್ಲಿ ಕಂಡ ಆ ಕುರಿ ಕಾಯುವವನು ಪುಕ್ಕಟೆ ಹೇಳಿದ್ದೂ ಇದನ್ನೇ. “ಆದ್ರ ಯಜಮಾನ್ರ, ಇಷ್ಟ್ಯಾಕ ಬಗ್ತಾರ ಇವ್ರು? ಅದನ್ನ ನೋಡ್ರಿ ಮೊದಲ. ಇಲ್ಲಂದ್ರ ನೋವು ಮತ್ತ ಬರತೈತಿ” ಎಂದು ನನ್ನನ್ನೇ ಕೇಳಿದರು. ಹಳೆಯ ಚಟ ಎಂದು ಹೇಳಿ ಕೈ ತೊಳೆದುಕೊಂಡೆ.

ಮಗ್ಗುಲ ಮನೆಯವರು ಒಳ್ಳೆಯವರು. ಉಳಿದರ್ಧ ನಾವು ನೇಯ್ದುಕೊಡುತ್ತೇವೆ, ಯಾರಿಗೆ ಗೊತ್ತಾಗಬೇಕು ಎಂದರು. ನನಗೂ ಅದೇ ಸರಿ ಕಂಡಿತು. ಮಲಗಿದ್ದ ಶಂಕ್ರಮ್ಮ ಗೋಡೆಯ ಕಡೆ ಮುಖ ಮಾಡಿ, “ಉಟ್ಟಾಕಿಗೆ ಗೊತ್ತಾಗಲಿಕ್ಕಿಲ್ಲ, ಮುಟ್ಟಿದಾಕಿಗೆ ಗೊತ್ತಾಗತೈತಿ. ನೂಲು ಬಿಗಿ ಮಾಡೋ ಹೊಡತ ಒಬ್ಬೊಬ್ಬರದು ಒಂದೊಂದು ಥರ. ಆ ಸೀರಿ ನಾ ಮುಗಸ್ತೇನಿ, ಇಲ್ಲಾ ಸಾವಿತ್ರಿ ಅಂಗಡಿ ಸೀರಿ ಉಡ್ತಾಳ” ಎಂದಳು. ಅಂಗಡಿ ಸೀರೆ ಎಂಬುದನ್ನು ಅವಳು ಹೇಳಿದ ರೀತಿಗೆ ಬಾಗಿಲಲ್ಲಿ ನಿಂತಿದ್ದ ಸಾವಿತ್ರಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆ ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಡಾಕ್ಟರು ಕೇಳಿದ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ನಾನು ಮಣೆಯನ್ನು ಒದ್ದು ಸರಿಸಿ, ಇಪ್ಪತ್ತೈದು ವರ್ಷದ ಮೇಲೆ ಅಪ್ಪನ ಕುಣಿಗೆ ಕಾಲಿಳಿಸಿದೆ. ಲಾಳಿ ಮುಟ್ಟುವ ಧೈರ್ಯ ಮಾಡಲಿಲ್ಲ. ಸುಮ್ಮನೆ ಕೂತೆ. ನೆಟ್ಟಗೇ ಕೂತಿದ್ದೆ, ಎಲ್ಲ ನೂಲೂ ಕಾಣುತ್ತಿತ್ತು. ಹಾಗಾದರೆ ಇವಳಿಗೆ ಏನು ಧಾಡಿ ಎಂದುಕೊಂಡೆ. ಸೆಕೆಗೆ ಮುಖ ಬೆವರಿತ್ತು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುತ್ತ ಸೀರೆಯನ್ನು ನೋಡಿದೆ. ನೂಲೆಲ್ಲ ಕಲೆಸಿದ ಹಿಟ್ಟಿನಂತೆ ಒಂದೇ ಆಗಿತ್ತು. ಸರಿಯಾಗಿ ನೋಡೋಣವೆಂದು ಕೊಂಚ ಬಾಗಿದೆ, ಇನ್ನೂ ಕೊಂಚ ಬಾಗಿದೆ. ನೂಲು ಬಿಡಿಬಿಡಿಯಾಗಿ ಕಂಡಾಗ ನನ್ನ ಮೂಗು ಎಲ್ಲಿತ್ತೆಂದರೆ, ದಿನಾ ಶಂಕ್ರಮ್ಮನ ಮೂಗು ಇರುತ್ತಿದ್ದ ಜಾಗದಲ್ಲೇ ಇತ್ತು.

ಹುನಗುಂದ ಬಸ್ಸಿನ ತುಂಬ ಹೆಸರಾದ ನನ್ನ ಬೆನ್ನು ಕನ್ನಡಕ ತೆಗೆದ ಅರ್ಧ ನಿಮಿಷದಲ್ಲಿ ಬಾಗಿ ಬಿದ್ದಿತ್ತು. ಇಷ್ಟು ವರ್ಷ ಶಿಸ್ತು ಎಂದುಕೊಂಡಿದ್ದೆಲ್ಲ ಎರಡು ಗಾಜಿನ ತುಣುಕಿನ ಪುಣ್ಯ. ಒಳಗೆ ಹೋಗಿ ಶಂಕ್ರಮ್ಮನ ಎದುರು ಕೂತು, ಕಿಟಕಿಯಾಚೆ ಕೈಮಾಡಿ, “ಎದುರಿನ ಮನಿ ಕಟ್ಟಿ ಮ್ಯಾಲ ಯಾರ ಕುಂತಾರ ಹೇಳು” ಎಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ, “ಯಾರೋ ಕುಂತಾರ” ಎಂದಳು. ಯಾರೂ ಕೂತಿರಲಿಲ್ಲ, ಅಲ್ಲೊಂದು ಜೋಳದ ಚೀಲ ಇತ್ತು.

ಆಗ ಎಲ್ಲ ಹೊರಗೆ ಬಂತು. ಸಣ್ಣಾಕಿ ಇದ್ದಾಗಿಂದ ಅವಳಿಗೆ ದೂರದ್ದು ಕಾಣದು. ಚಸ್ಮಾ ಹಾಕಿದ ಹುಡುಗಿಯನ್ನು ಯಾರು ಮಾಡಿಕೊಂಡಾರು ಎಂದು ಅವಳವ್ವ ಮುಚ್ಚಿಟ್ಟಳು. ಲಗ್ನವಾದ ಮೇಲೆ, ಮಗ್ಗದವಳು ಚಸ್ಮಾ ಹಾಕಿದರೆ ಅವಳ ಕೈಕೆಲಸ ಮುಗಿಯಿತು ಅನ್ನುತ್ತಾರೆಂದು ತಾನೇ ಮುಚ್ಚಿಟ್ಟಳು. ಎದುರಿಗೆ ಬಂದರೂ ಮಾತಾಡಿಸುವುದಿಲ್ಲ, ಟೈಪಿಸ್ಟನ ಹೆಂಡತಿಗೆ ಸೊಕ್ಕು ಎಂದು ಓಣಿಯವರು ಆಡಿಕೊಂಡದ್ದನ್ನೂ ನುಂಗಿಕೊಂಡಳು. ನನಗೆ ತಡೆಯಲಾಗಲಿಲ್ಲ. “ಮತ್ತ ನಾ ಕನ್ಯಾ ನೋಡಾಕ ಬಂದಾಗ?” ಎಂದೆ.

“ನಿಮ್ಮ ಮಾರಿ ಎಲ್ಲಿ ಕಾಣಬೇಕ್ರಿ? ಪಡಸಾಲ್ಯಾಗ ನಾಕು ಮಂದಿ ಕುಂತಿದ್ರು. ಒಬ್ರು ನೆಟ್ಟಗ ಕುಂತಿದ್ರು. ಅವ್ರ ಇದ್ರ ಆಗಬೋದು ಅಂದ್ಕೊಂಡೆ.”

ಇದಕ್ಕಿಂತ ದೊಡ್ಡ ಪದವಿ ನನ್ನ ಬೆನ್ನಿಗೆ ಹಿಂದೆಯೂ ಸಿಕ್ಕಿಲ್ಲ, ಮುಂದೆಯೂ ಸಿಗಲಾರದು. ಆದರೆ ಆ ಗಳಿಗೆಯಲ್ಲಿ ಹೆಮ್ಮೆ ಅರ್ಧವೇ ಆಯಿತು. ಉಳಿದರ್ಧ ನಾಚಿಕೆ. ಇಪ್ಪತ್ತೆರಡು ವರ್ಷ ದಿನಕ್ಕೆರಡು ಸಲ ನೆಟ್ಟಗೆ ಕೂರು ಎಂದವನು ಒಂದು ಸಲವೂ ಯಾಕೆ ಬಾಗುತ್ತೀ ಎಂದು ಕೇಳಿರಲಿಲ್ಲ.

ಕಣ್ಣಿನ ಡಾಕ್ಟರರಲ್ಲಿಗೆ ಮತ್ತೆ ಬಾಗಲಕೋಟೆ ಬಸ್ಸು ಹತ್ತಿದೆವು. ಮಗ್ಗದ ಮುಂದೆ ಕೂತರೆ ನೂಲು ಎಷ್ಟು ದೂರ ಇರುತ್ತದೋ ದಾರ ಹಿಡಿದು ಅಳೆದುಕೊಂಡು ಹೋಗಿದ್ದೆ, ಅದನ್ನು ಡಾಕ್ಟರರ ಮುಂದೆ ಬಿಚ್ಚಿ ತೋರಿಸಿದೆ. ವಾರ ಬಿಟ್ಟು ಕನ್ನಡಕ ಬಂತು. ಅಂಗಡಿಯವನು ಅದನ್ನು ಅವಳ ಮೂಗಿನ ಮೇಲಿಟ್ಟಾಗ ಶಂಕ್ರಮ್ಮ ಮೊದಲು ಬೀದಿಯನ್ನು ನೋಡಿದಳು, ಬೇವಿನ ಮರ ನೋಡಿದಳು, ಕಡೆಗೆ ನನ್ನತ್ತ ತಿರುಗಿ ಬಹಳ ಹೊತ್ತು ನೋಡಿದಳು. “ಹಿಂಗದೀರೇನು” ಎಂದಳು. ಅದರಲ್ಲಿ ನಿರಾಶೆ ಎಷ್ಟಿತ್ತು ಎಂದು ನಾನು ಕೇಳಲಿಲ್ಲ.

ಮಗ್ಗಕ್ಕೆ ಮರಳುವ ದಿನ ಬಂದಾಗ ಈ ಸಲ ಶಾಸ್ತ್ರ ಹೇಳಲು ಹೋಗದೆ ಅವಳು ಹೇಳಿದಂತೆ ಮಾಡಿದೆ. ದಪ್ಪ ಮಣೆ ಅಡುಗೆಮನೆಗೆ ಹೋಯಿತು. ಅದರ ಜಾಗದಲ್ಲಿ ಎರಡು ಬೆರಳು ದಪ್ಪದ ಹಲಗೆ ಬಂತು. ಬೆನ್ನಿಗೆ ಆನಿಕೆಯಾಗಿ ಹಳೆಯ ಕೌದಿಯನ್ನು ಸುತ್ತಿ ಹಿಂದಿನ ಕಂಬಕ್ಕೆ ಬಿಗಿದೆ. ಕಾಲಿಗೆ ಎಟುಕುವಂತೆ ತುಳಿಹಲಗೆಯ ಹಗ್ಗ ಗಿಡ್ಡ ಮಾಡಿದೆ. ಡಾಕ್ಟರು ಹೇಳಿದ ಅರ್ಧ ತಾಸಿನ ಮಾತು ಮಾತ್ರ ಅವಳಿಗೆ ಒಗ್ಗಲಿಲ್ಲ. ನೇಯುವವಳು ಗಡಿಯಾರ ನೋಡುತ್ತ ಕೂತರೆ ಆಯಿತೇ? ಅವಳು ಅದನ್ನು ತನ್ನ ಅಳತೆಗೆ ತಂದುಕೊಂಡಳು. ಒಂದು ಗೇಣು ಸೀರೆ ನೇಯ್ದರೆ ಏಳಬೇಕು, ಹಿತ್ತಲ ತನಕ ಹೋಗಿ, ಎರಡೂ ಕೈ ಟೊಂಕದ ಮೇಲಿಟ್ಟು ಹಿಂದಕ್ಕೆ ಬಾಗಿ ಆಕಾಶ ನೋಡಿ, ಬಂದು ಮತ್ತೆ ಕೂರಬೇಕು. ಮೊದಲ ದಿನ ಒಂದೇ ಗೇಣು. ಎರಡನೆಯ ದಿನವೂ ಒಂದೇ. ಆಮೇಲೆ ಎರಡು, ಮೂರು. ನಾನು ಕಚೇರಿಯಿಂದ ಬಂದವನೇ ಕೇಳುತ್ತಿದ್ದದ್ದು ಎಷ್ಟು ಗೇಣು ಎಂದು. ಲಗ್ನಕ್ಕೆ ಮೂರು ದಿನವಿರುವಾಗ ಸೀರೆ ಮಗ್ಗದಿಂದ ಇಳಿಯಿತು. ಅದನ್ನು ಮಡಿಚಿ ಮಗಳ ಕೈಗೆ ಕೊಡುವಾಗ ಶಂಕ್ರಮ್ಮ ನಿಂತದ್ದನ್ನು ನೋಡಿದೆ. ನನ್ನ ಟೈಪಿಂಗ್ ಗುರುಗಳು ಇದ್ದಿದ್ದರೆ ಅಡಿಪಟ್ಟಿ ಕೆಳಗಿಡುತ್ತಿದ್ದರು.

ಲಗ್ನದ ದಿನ ಅವಳು ಕನ್ನಡಕ ಹಾಕಿಕೊಂಡೇ ಹಂದರದಲ್ಲಿ ಓಡಾಡಿದಳು. ದೂರದವರನ್ನೆಲ್ಲ ತಾನೇ ಕರೆದು ಮಾತಾಡಿಸಿದಳು. ಅಕ್ಕಿಕಾಳು ಬಿದ್ದ ಮೇಲೆ ಬೀಗತಿ, ಅಂದರೆ ಅಳಿಯನ ತಾಯಿ, ಸೊಸೆಯ ಪಕ್ಕ ಬಂದು ಕೂತರು. ಅವರೂ ಹುಟ್ಟಾ ಮಗ್ಗದವರು, ನಮ್ಮವಳ ಹಾಗೆಯೇ ಬೆನ್ನು ಬಾಗಿದವರು. ಸೀರೆಯ ನೆರಿಗೆಗಳನ್ನು ಒಂದೊಂದಾಗಿ ಬೆರಳ ನಡುವೆ ಹಾಯಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು. ಅಲ್ಲೇ ಮತ್ತೊಮ್ಮೆ ಬೆರಳಾಡಿಸಿದರು.

“ಬೀಗತಿ, ಒಂದ ಕೈಲೆ ನೇಯ್ದೀರಿ ಅಂದಿದ್ರಿ. ಇಲ್ಲಿಂದ ಮುಂದ ಬ್ಯಾರೆ ಕೈ ಐತಲ್ರಿ.”

ಸುತ್ತ ಕೂತ ಹೆಣ್ಣುಮಕ್ಕಳು ಮಾತು ಬಿಟ್ಟು ಸೀರೆಯತ್ತ ಕತ್ತು ಚಾಚಿದರು. ಸಾವಿತ್ರಿ ತಲೆ ತಗ್ಗಿಸಿದಳು. ಶಂಕ್ರಮ್ಮ ಮಾತ್ರ ಬಂದು ಅವರ ಬೆರಳಿದ್ದ ಜಾಗದಲ್ಲಿ ತನ್ನ ಬೆರಳಿಟ್ಟಳು.

“ಖರೆ ಹಿಡದ್ರಿ. ಹೊಡತ ಬ್ಯಾರೆ ಐತಿ, ಕೈ ನಂದ ಐತಿ. ಇಲ್ಲೀತನ ಬಗ್ಗಿ ನೇಯ್ದೇನಿ, ಇಲ್ಲಿಂದ ನೆಟ್ಟಗ ಕುಂತು ನೇಯ್ದೇನಿ. ಯಾವ ಕಡೆ ಗಟ್ಟಿ ಐತಿ ನೀವ ಹೇಳ್ರಿ.”

ಬೀಗತಿ ಎರಡೂ ಬದಿಯನ್ನು ಹಿಡಿದು ತಿಕ್ಕಿ ನೋಡಿದರು. ಈ ಕಡೆ, ಮತ್ತೆ ಆ ಕಡೆ. “ಈಚಿ ಕಡೇದು, ನೆಟ್ಟಗ ಕುಂತು ನೇಯ್ದದ್ದು” ಎಂದು ಒಪ್ಪಿಕೊಂಡರು. ನನಗೆ ಎದ್ದು ನಿಂತು ಇವಳು ನನ್ನ ಹೆಂಡತಿ ಎಂದು ಹಂದರಕ್ಕೆಲ್ಲ ಕೇಳುವಂತೆ ಹೇಳಬೇಕೆನಿಸಿತು. ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಹೇಳಲಿಲ್ಲ.

ಹೆಂಗಸರ ಮಾತು ಮತ್ತೆ ಶುರುವಾದ ಮೇಲೆ ಬೀಗತಿ ಶಂಕ್ರಮ್ಮನ ಹತ್ತಿರಕ್ಕೆ ಸರಿದರು. ಅವರು ಆ ಜಾಗವನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕಿದ್ದರು ಎಂಬುದು ನನಗೆ ಆಗ ಹೊಳೆಯಿತು. “ಚಸ್ಮಾ ಎಲ್ಲಿ ಮಾಡ್ಸಿದ್ರಿ?” ಎಂದು ಪಿಸುಮಾತಿನಲ್ಲಿ ಕೇಳಿದರು. ಶಂಕ್ರಮ್ಮ ತನ್ನ ಕನ್ನಡಕ ತೆಗೆದು, ನಾಲ್ಕು ಮಂದಿಯ ಎದುರಿಗೇ, ಬೀಗತಿಯ ಮೂಗಿನ ಮೇಲಿಟ್ಟಳು. ಅವರು ಹಂದರದ ಆ ತುದಿಯವರೆಗೆ ನೋಡಿದರು. “ಅಯ್ಯ ಶಿವನ, ಅಲ್ಲಿ ಕುಂತಾಂವ ನಮ್ಮ ತಮ್ಮ” ಎಂದರು. ಹೇಳುತ್ತ ಹೇಳುತ್ತಲೇ ಅವರ ಬೆನ್ನು ಮೆಲ್ಲಗೆ ನೆಟ್ಟಗಾಯಿತು. ನೆಟ್ಟಗೆ ಕೂರಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.